ಈಜು ಬಾರದ ಕಳ್ಳ

ಹಾಲು ಉಕ್ಕುವ ಮೊದಲೇ ಒಲೆ ಆರಿಸಿದಳು. ಎರಡು ಲೋಟ ಇಟ್ಟಿದ್ದು ಆಮೇಲೆ ಕಣ್ಣಿಗೆ ಬಿತ್ತು, ಒಂದನ್ನು ಮಗುಚಿಟ್ಟಳು. ಗಂಡನ ಅಂತ್ಯಕ್ರಿಯೆ ಮುಗಿಸಿ ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಅಳು ಬರಲಿಲ್ಲ. ಮೇಜಾದರೂ ಒರೆಸೋಣವೆಂದು ಹೋದಳು.

ಮೇಜಿನ ಮೇಲೆ ಗಂಡನ ಗೆಳೆಯ, ಗಡಿಯಾರ ರಿಪೇರಿ ಅಂಗಡಿಯ ಅಣ್ಣನ ಪುಸ್ತಕ. ಗಂಡ ಎರವಲು ತಂದು ಎರಡು ವರ್ಷವಾಗಿತ್ತು. ಭಾನುವಾರದ ಆಟದ ನಿಯಮಗಳೆಲ್ಲ ಅದರಲ್ಲಿದ್ದವು: ದಾಳ ಉರುಳಿಸುತ್ತ ಮಾತಿನಲ್ಲೇ ಕಥೆ ಕಟ್ಟುವ ಆಟ. ಕಥೆ ನಡೆಸುವವನು ಗಂಡ. ಅಣ್ಣನ ಪಾತ್ರ ಒಬ್ಬ ಕಳ್ಳ. ಬೀಗ ತೆರೆಯುವುದರಲ್ಲಿ ಒಂಬತ್ತು ಅಂಕ, ಈಜಿನಲ್ಲಿ ಸೊನ್ನೆ. ಅದು ಗೊತ್ತಿದ್ದೇ ಗಂಡ ವಾರವಾರವೂ ಕಥೆಯಲ್ಲೊಂದು ಹೊಳೆ ತರುತ್ತಿದ್ದ.

"ಬೀಗದಿಂದ ಎರಡು ತೆಗೆದು ಈಜಿಗೆ ಹಾಕೋ, ಪುಣ್ಯಾತ್ಮ!" ಎಂದು ಅಣ್ಣ ಗೋಗರೆಯುತ್ತಿದ್ದ.

"ಆಟ ಶುರುವಾದ್ಮೇಲೆ ತಿದ್ದೋ ಹಾಗಿಲ್ಲ. ಮುಳುಗು."

ಕೊನೆಯ ಭಾನುವಾರ ಈ ನಗೆಯೇ ಜಗಳವಾಯಿತು. ಇನ್ನು ನಿನ್ನ ಮನೆ ಮೆಟ್ಟಿಲು ಹತ್ತಲ್ಲ ಎಂದು, ಕಳ್ಳನನ್ನು ನಡುನೀರಿನಲ್ಲೇ ಬಿಟ್ಟು ಅಣ್ಣ ಎದ್ದುಹೋದ. ಬುಧವಾರ ಗಂಡ ಕೆಲಸದಲ್ಲಿದ್ದಾಗಲೇ ಕುಸಿದು ಬಿದ್ದ. ಅಂತ್ಯಕ್ರಿಯೆಯ ದಿನ ಅಣ್ಣ ಗೇಟಿನ ಹತ್ತಿರವೇ ನಿಂತಿದ್ದ, ಮೆಟ್ಟಿಲು ಹತ್ತಲಿಲ್ಲ.

ಪುಸ್ತಕ ತೆರೆದಳು. ಒಳಗೆ ಕಳ್ಳನ ಹಾಳೆ. ಈಜಿನ ಮುಂದಿದ್ದ ಸೊನ್ನೆಯನ್ನು ಕಾಗದ ತೆಳ್ಳಗಾಗುವಷ್ಟು ಉಜ್ಜಿ ಅಳಿಸಲಾಗಿತ್ತು. ಬೇರೆ ಅಂಕ ಬರೆದಿರಲಿಲ್ಲ. ಪುಟದ ಸಂದಿಯಲ್ಲಿ ರಬ್ಬರಿನ ಪುಡಿ ಹಾಗೆಯೇ ಉಳಿದಿತ್ತು. ಪುಡಿ ಕೊಡವುವ ಅಭ್ಯಾಸ ಗಂಡನಿಗೆ ಎಂದೂ ಇರಲಿಲ್ಲ. ಅದಕ್ಕೆ ಅವಳು ಬೈದದ್ದೆಷ್ಟೋ.

ಅಂಗಡಿಯಲ್ಲಿ ಅಣ್ಣ ಒಂದು ಕೈಗಡಿಯಾರ ಬಿಚ್ಚಿಟ್ಟುಕೊಂಡು ಧೂಳು ಊದುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಿಮ್ಮ ಪುಸ್ತಕ, ಅಣ್ಣ."

"ಇರ್ಲಿ ಬಿಡು ತಂಗಿ. ನಂಗ್ಯಾಕೆ ಇನ್ನು?"

"ಹಾಳೆ ನೋಡಿ."

ಅವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದ. "ಅಳಿಸ್ಬಿಟ್ಟಿದಾನೆ, ಮೊಂಡ! ಎಷ್ಟು ಹಾಕೋಣ ಅಂತಿದ್ನೋ?"

"ಗೊತ್ತಿಲ್ಲ. ನೀವೇ ಬರ್ಕೊಳ್ಳಿ."

ಬೀಗದ ಒಂಬತ್ತನ್ನು ಎಂಟು ಮಾಡಿ, ಈಜಿನ ಮುಂದೆ ಒಂದು ಎಂದು ಬರೆದ.

"ಎರಡು ಕೇಳ್ತಿದ್ರಲ್ಲ?"

"ಎರಡಕ್ಕೆ ಅವನೆಲ್ಲಿ ಒಪ್ತಿದ್ದ? ದಡ ಮುಟ್ಟೋಕೆ ಒಂದು ಸಾಕು, ತಂಗಿ."

ಅಭ್ಯಾಸಬಲದಿಂದ ಪುಟದ ಸಂದಿಯ ರಬ್ಬರಿನ ಪುಡಿ ಊದಲು ಬಾಯಿ ಹತ್ತಿರ ತಂದ. ಅವಳ ಕೈ ತಾನಾಗಿ ಅಡ್ಡ ಬಂತು. ಅವನು ಉಸಿರು ಹಿಡಿದು, ಪುಸ್ತಕವನ್ನು ಅಲುಗಿಸದೆ ಮುಚ್ಚಿದ.