ಜುಲ್ಹುಮೋರ್ ಓಪಾ ಬರೆದ ಚಂದ್ರರು

ಆ ಬೆಳಿಗ್ಗೆ ಬುಖಾರಾದ ಮೇಲೆ ಮರಳುಗಾಳಿ ಬೀಸಿ ಹೋಗಿ, ಅದರ ಹಿಂದೆಯೇ ನಾಲ್ಕು ಹನಿ ಮಳೆಯೂ ಬಿದ್ದಿತ್ತು. ಜರ್ದಾಳು ಹೂಗಳ ಮೇಲೆಲ್ಲ ಕೆಸರಿನ ಚುಕ್ಕಿ. ನಾನು ಕೆಲಸ ಮಾಡುವ ಪತ್ರಾಗಾರದ ಕಡೆಗೆ ನಡೆಯುತ್ತ ದೇವರಲ್ಲಿ ಒಂದೇ ಕೇಳಿಕೊಂಡೆ: ಇವತ್ತು ಬರುವವಳ ಕೈಗೆ ಕೊಡಲು ಏನಾದರೂ ಸಿಗಲಿ.

ಬರುವವಳು ಓಯ್ಸುಲುವ್. ನಮ್ಮೂರೆಲ್ಲ ಓಪಾ, ಅಂದರೆ ಅಕ್ಕ, ಎನ್ನುತ್ತಿದ್ದ ನರ್ತಕಿ ಜುಲ್ಹುಮೋರ್ ಅವರ ಒಬ್ಬಳೇ ಮಗಳು. ಓಪಾ ಮೊಣಕಾಲು ಒಪ್ಪುವ ತನಕ ಕುಣಿದರು, ಒಪ್ಪದಾದ ಮೇಲೆ ಕುಂಚ ಹಿಡಿದರು. ಚಳಿಗಾಲದಲ್ಲಿ ಅವರು ತೀರಿಕೊಂಡಾಗ ಕಾಗದಪತ್ರ, ಚಿತ್ರ, ಉಡುಪು ಎಲ್ಲವೂ ಎರಡು ಪೆಟ್ಟಿಗೆಗಳಲ್ಲಿ ನಮ್ಮಲ್ಲಿಗೆ ಬಂದವು. ಅಮ್ಮ ಬೇಡವೆಂದ ಹುಡುಗನನ್ನೇ ಮದುವೆಯಾಗಿ ಆಲ್ಮಾಟಿ ಸೇರಿದ್ದ ಮಗಳು, ಹಿಮ ಬಿದ್ದ ದಾರಿಯಲ್ಲಿ ಸಿಕ್ಕಿಕೊಂಡು ಮಣ್ಣಿಗೂ ತಲುಪಲಿಲ್ಲ.

ಮೊನ್ನೆ ಫೋನಿನಲ್ಲಿ ಅವಳು ಕೇಳಿದ್ದು ಇಷ್ಟೇ. "ಚಿಕ್ಕಮ್ಮಾ, ಅಮ್ಮ ನಂಗೆ ಅಂತ ಏನಾದ್ರೂ ಬರ್ದಿಟ್ಟಿದ್ದಾರಾ? ಒಂದ್ ಸಾಲು ಸಾಕು. ನನ್ ಮೇಲೆ ಸಿಟ್ಟು ಇಟ್ಕೊಂಡೇ ಹೋದ್ರಾ ಅಂತ ಗೊತ್ತಾಗ್ಬೇಕು, ಅಷ್ಟೇ."

ಹುಡುಕುತ್ತೇನೆ ಎಂದಿದ್ದೆ. ಮೊದಲ ಪೆಟ್ಟಿಗೆಯ ಒಂದೊಂದು ಕಾಗದವನ್ನೂ ಬೆಳಕಿಗೆ ಹಿಡಿದು ನೋಡಿದ್ದೆ. ಜಾತ್ರೆ-ಮದುವೆಗಳ ಕರೆಯೋಲೆಗಳು, ಕೈಮುದ್ರೆಗಳ ಗೀಚುಚಿತ್ರಗಳು, ಬಣ್ಣದಂಗಡಿಯ ಚೀಟಿಗಳು. ಮಗಳ ಹೆಸರೇ ಇಲ್ಲ. ಉಳಿದದ್ದು ಚಂದ್ರನ ಚಿತ್ರಗಳು. ಪ್ರತಿ ವಸಂತಕ್ಕೂ ಒಂದು. ಬೂದು ಗೋಡೆಯಂಥ ಆಕಾಶದಲ್ಲಿ ಅಂಚು ಮುರಿದ ಕೆಂಪು ಚಂದ್ರ, ನಡುವೆ ಚುಕ್ಕಿಗಳು. ನಾವು ದೋಮ್ಲಾ, ಅಂದರೆ ಮೇಷ್ಟ್ರು, ಎಂದು ಕರೆಯುವ ಹಿರಿಯ ಅಧಿಕಾರಿ ಸೈಫಿದ್ದೀನ್ ಅವಕ್ಕೆ 'ಗ್ರಹಣದ ಚಂದ್ರ' ಎಂದು ಹೆಸರಿಟ್ಟು, ಊರಿನ ಕಲಾವಿದರನ್ನು ಕೂಡಿಸಿ ಒಂದು ಭಾಷಣವನ್ನೂ ಮಾಡಿಯಾಗಿತ್ತು. ಮುರಿದ ಅಂಚಿನಲ್ಲಿ ಒಂದು ಸಣ್ಣ ಮೊನೆ ಪ್ರತಿ ಚಿತ್ರದಲ್ಲೂ ಇತ್ತು. ಅದು ಚಂದ್ರನ ಮೇಲೆ ಬಿದ್ದ ಮಿನಾರಿನ ನೆರಳು ಎಂದಿದ್ದರು ದೋಮ್ಲಾ. ಎಲ್ಲರೂ ತಲೆದೂಗಿದ್ದೆವು.

ಎರಡನೆಯದು ಉಡುಪಿನ ಪೆಟ್ಟಿಗೆ. ಬಟ್ಟೆ ಬಲ್ಲವರು ಬಂದಾಗ ತೆಗೆದರಾಯಿತೆಂದು ಬಿಟ್ಟಿದ್ದೆವು. ಇನ್ನೇನು ದಾರಿ? ಬಿಸ್ಮಿಲ್ಲಾ ಎಂದು ಮುಚ್ಚಳ ಎತ್ತಿದೆ. ಮಣಿಕಟ್ಟಿನ ಗೆಜ್ಜೆಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಸದ್ದು ಮಾಡಿದವು. ಜರಿಯ ನಿಲುವಂಗಿಗಳ ಅಡಿಯಲ್ಲಿ ಬಿಳಿ ಬಟ್ಟೆಯ ಗಂಟೊಂದು. ಬಿಚ್ಚಿದರೆ, ಕಲ್ಲಿನಂತೆ ಒಣಗಿದ ಒಂದು ದುಂಡು ರೊಟ್ಟಿ. ಅಂಚಿನಲ್ಲಿ ಒಂದೇ ಒಂದು ಕಚ್ಚು.

"ದೋಮ್ಲಾ!" ಎಂದು ಕೂಗಿದೆ.

ಅವರು ಬಾಗಿಲಲ್ಲೇ ನಿಂತರು. "ಅಯ್ಯೋ ಮಾರ್ಹಾಮತ್, ತಿನ್ನೋ ಪದಾರ್ಥ ಇಲ್ಲಿ ಇಡಂಗಿಲ್ಲ! ಹುಳ ಬಿದ್ರೆ ಚಿತ್ರಗಳ ಗತಿ ಏನು? ಎಸೀರಿ ಆಚೆ."

"ಎಸೀರಿ ನೀವೇ," ಎಂದು ಮುಂದೆ ಹಿಡಿದೆ.

ಅವರ ಕೈಗಳು ಬೆನ್ನಿನ ಹಿಂದೆ ಹೋದವು. "ಬಾಯಲ್ಲಿ ಹೇಳ್ಬಹುದಮ್ಮ. ರೊಟ್ಟೀನ ಕೈಯಾರೆ ಎಸೆಯೋ ಪಾಪ ನಂಗ್ಯಾಕೆ? ಅದೂ ಯಾರೋ ಕಚ್ಚಿಟ್ಟು ಹೋಗಿರೋದು."

ನಮ್ಮಲ್ಲಿ ದೂರ ಹೊರಟವರು ಹೊಸಿಲಲ್ಲಿ ರೊಟ್ಟಿಯನ್ನು ಒಂದು ತುತ್ತು ಕಚ್ಚಿ ಹೋಗುತ್ತಾರೆ. ಉಳಿದದ್ದನ್ನು ಮನೆಯವರು ಗೋಡೆಗೆ ತೂಗುಹಾಕುತ್ತಾರೆ. ಮರಳಿ ಬಂದವರೇ ಅದನ್ನು ತಿಂದು ಮುಗಿಸಬೇಕು. ಅಲ್ಲಿಯ ತನಕ ಬೇರೆಯವರು ಮುಟ್ಟುವಂತಿಲ್ಲ. ಓಪಾ ತೀರಿದ ಮೇಲೆ ಸಾಮಾನು ಕಟ್ಟಿದ ನೆರೆಯವಳು ಗೋಡೆಯಿಂದ ಇಳಿಸಿ, ಎಸೆಯಲಾರದೆ ಪೆಟ್ಟಿಗೆಗೆ ಹಾಕಿರಬೇಕು.

ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದೆ. ನಡುವೆ, ಬೇಯಿಸುವ ಮುನ್ನ ಮೊಳೆಗಳ ಅಚ್ಚಿನಿಂದ ಚುಚ್ಚಿದ ಚುಕ್ಕಿಗಳ ಹೂವು. ಕಚ್ಚಿದ ಕಡೆ ಒಂದು ಸಣ್ಣ ಮೊನೆ ಹಾಗೇ ಉಳಿದಿತ್ತು. ಮೇಜಿನ ಮೇಲಿದ್ದ ಒಂದು ಚಂದ್ರನನ್ನು ತಂದು ಪಕ್ಕದಲ್ಲಿಟ್ಟೆ.

ದೋಮ್ಲಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಲ್ಲೇ ಸ್ಟೂಲಿನ ಮೇಲೆ ಕುಸಿದರು. "ದಿನಾ ಮೂರು ಹೊತ್ತು ಇದನ್ನೇ ತಿಂತೀವಿ. ನೋಡಿ ಚಂದ್ರ ಅಂದ್ವಲ್ಲಾ!"

"ಅಂದ್ವಿ ಅಲ್ಲ, ಅಂದ್ರಿ. ಮಿನಾರು ಬೇರೆ ನಿಲ್ಸಿದ್ರಿ."

"ಭಾಷಣದ ದಿನ ಮೊದ್ಲು ಚಪ್ಪಾಳೆ ಹೊಡ್ದೋರು ಯಾರು? ನೀವೇ ತಾನೆ?"

ಇಬ್ಬರೂ ನಕ್ಕೆವು. ನಗು ಇಳಿದ ಮೇಲೆ, ಚಿತ್ರದ ಬೂದು ಆಕಾಶವೂ ರೊಟ್ಟಿ ತೂಗಿದ್ದ ಗೋಡೆಯೇ ಎಂದು ಹೊಳೆಯಿತು. ಎಷ್ಟು ವಸಂತ ಆ ತಾಯಿ ಈ ಗೋಡೆಯ ಮುಂದೆ ಕೂತಿದ್ದರೋ, ದೇವರೇ ಬಲ್ಲ.

ಹೊರಗೆ ಹೆಜ್ಜೆಯ ಸದ್ದಾಯಿತು. ಓಯ್ಸುಲುವ್ ಒಳಬಂದಳು, ತಲೆವಸ್ತ್ರದ ಮೇಲೆ ಇನ್ನೂ ದಾರಿಯ ಧೂಳು. ನಿಂತಲ್ಲೇ ಕೇಳಿದಳು. "ಏನಾದ್ರೂ ಸಿಕ್ತಾ, ಚಿಕ್ಕಮ್ಮಾ?"

"ಬರ್ದಿರೋದು ಒಂದಕ್ಷರಾನೂ ಇಲ್ಲ ಮಗಳೇ," ಎಂದೆ.

ಅವಳ ಮುಖ ಇಳಿಯಿತು. ಆಮೇಲೆ ಮೇಜಿನ ಮೇಲಿನ ರೊಟ್ಟಿ ಕಣ್ಣಿಗೆ ಬಿತ್ತು. ಅದರ ಪಕ್ಕದ ಚಿತ್ರ ಕಂಡಿತು. ದೋಮ್ಲಾ ಉಳಿದ ಚಿತ್ರಗಳನ್ನೂ ತಂದು ಸಾಲಾಗಿ ಹಾಸುತ್ತ ಹೋದರು. ಅವಳು ಒಂದೊಂದರ ಮುಂದೆಯೂ ನಿಂತು ನಿಂತು ನಡೆದಳು.

"ಇಂಥದೇ ವಸಂತದಲ್ಲಿ ಹೊರಟಾಗ ಅಮ್ಮ ಹಾಳಾಗ್ ಹೋಗು ಅಂದಿದ್ರು," ಎಂದಳು ಮೆಲ್ಲಗೆ. "ಬಾಗ್ಲು ದಾಟೋವಾಗ ಬಾಯಿಗೆ ಇದನ್ನ ಒತ್ತಿದ್ರು, 'ಕಚ್ಚೇ ಕತ್ತೆ' ಅಂತ. ನಾನೂ ಸಿಟ್ಟಲ್ಲೇ ಕಚ್ದೆ. ಅವತ್ತೇ ಕುರಿಗೆ ಹಾಕಿರ್ತಾರೆ ಅಂದ್ಕೊಂಡಿದ್ದೆ."

ಹೇಳುತ್ತ ಹೇಳುತ್ತ ಅಳುವೂ ನಗುವೂ ಒಟ್ಟಿಗೇ ಬಂದವು. ಆಗ ಕಂಡೆ: ಅವಳ ಮುಂದಿನ ಹಲ್ಲೊಂದು ಚೂರು ಮುರಿದಿತ್ತು. ಚಿಕ್ಕಂದಿನಲ್ಲಿ ಅಮ್ಮನ ಹಿಂದೆ ಕುಣಿಯಲು ಹೋಗಿ ಬಿದ್ದದ್ದಂತೆ. ರೊಟ್ಟಿಯಲ್ಲಿ ಮೊನೆ ಉಳಿಸಿದ್ದು ಆ ಹಲ್ಲೇ; ದೋಮ್ಲಾರ ಮಿನಾರು ಅದು. ಅವರು ಕೆಮ್ಮಿ ಕಿಟಕಿಯತ್ತ ತಿರುಗಿದರು.

"ಈ ರೊಟ್ಟೀನ ಪಟ್ಟಿಗೆ ಸೇರ್ಸಿದೀವಾ, ಮಾರ್ಹಾಮತ್?"

"ಇನ್ನೂ ಇಲ್ಲ ದೋಮ್ಲಾ."

"ಸರಿ ಹಾಗಾದ್ರೆ. ನಾನು ನೋಡೇ ಇಲ್ಲ."

ನಾನು ಹಸಿರು ಚಹಾ ಬಗ್ಗಿಸಿ ಬಟ್ಟಲನ್ನು ಅವಳ ಮುಂದಿಟ್ಟೆ. ಆಮೇಲೆ ಬಿಳಿ ಬಟ್ಟೆಯ ಸಮೇತ ರೊಟ್ಟಿಯನ್ನು ಎರಡೂ ಕೈಗಳಲ್ಲಿ ಎತ್ತಿ ಅವಳ ಕೈಗೆ ಕೊಟ್ಟೆ.