ದರ್ಜಿಯ ಅಳತೆ ಪುಸ್ತಕ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಬೀದಿಯ ಆಚೆ ಬದಿಯ ಅಂಗಡಿಗಳೇ ಕಾಣುತ್ತಿರಲಿಲ್ಲ. ದರ್ಜಿಯ ಹೆಂಡತಿ ಅಂಗಡಿಯ ಬಾಗಿಲು ತೆರೆದಳು. ದೀಪ ಹಾಕಿ, ಹೊಲಿಗೆ ಯಂತ್ರಕ್ಕೆ ಕೈಮುಗಿದು ಕುಳಿತಳು. ಗಂಡ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅವನ ಟೇಪು ಇನ್ನೂ ಅದೇ ಮೊಳೆಯಲ್ಲಿ ನೇತಾಡುತ್ತಿತ್ತು.

ಮಂಜಿನೊಳಗಿಂದ ಅವಳ ತಮ್ಮ ಬಂದ. ಅವನು ಬಡಗಿ. ಹಿಂದೆಯೇ ಅವನ ಹೆಂಡತಿ, ಒಂದು ಕೈಚೀಲವನ್ನು ಮಗುವಿನಂತೆ ಎದೆಗೆ ಅವುಚಿಕೊಂಡು ಬಂದಳು.

"ಅಕ್ಕಾ, ಒಂದು ಸೈಟು ಸಿಕ್ಕಿದೆ. ಹನ್ನೊಂದು ಗಂಟೆಯೊಳಗೆ ಮುಂಗಡ ಕೊಡ್ಬೇಕು. ನೀನು ಬಂದು ಸಾಕ್ಷಿ ಹಾಕು, ಸಾಕು."

"ಮೊದಲು ಕೂತ್ಕೊಳೋ. ಸೈಟಿಗೇನು ಕಾಲಿದೆಯಾ, ಓಡಿಹೋಗೋಕೆ?"

"ಸೈಟಿಗಿಲ್ಲ, ತಗೊಳೋರಿಗಿದೆಯಲ್ಲ. ಇನ್ನಿಬ್ಬರು ಕಾಯ್ತಿದ್ದಾರಂತೆ."

"ಯಾರು ಹೇಳಿದ್ದು?"

"ಮಾರೋನೇ ಹೇಳ್ದ."

"ಮಾರೋನು ಹೇಳಿದ್ರೆ ಅದು ಸುದ್ದಿ ಅಲ್ಲ ಕಣೋ, ವ್ಯಾಪಾರ."

ತಮ್ಮನ ಹೆಂಡತಿಗೆ ನಗು ಬಂತು. ಗಂಡನ ಮುಖ ನೋಡಿ ನುಂಗಿಕೊಂಡಳು. ಆ ಚೀಲದಲ್ಲಿದ್ದದ್ದು ಅವಳ ಒಂಬತ್ತು ವರ್ಷ. ಇಸ್ತ್ರಿ ಅಂಗಡಿಯ ಬಿಸಿಯಲ್ಲಿ ನಿಂತು, ಊರವರ ಅಂಗಿಗಳ ಸುಕ್ಕು ತೆಗೆದು ಉಳಿಸಿದ್ದು.

"ಎರಡು ರೂಮು ಕಟ್ಟಿಸಿ ಬಾಡಿಗೆಗೆ ಕೊಡೋಣ ಅಂತ ಆಸೆ ಅತ್ತಿಗೆ," ಎಂದಳು ಮೆಲ್ಲಗೆ. "ಮುಂದೆ ನನ್ನ ಕೈ ಇಸ್ತ್ರಿಪೆಟ್ಟಿಗೆ ಎತ್ತದಿದ್ರೂ ತಿಂಗಳಿಗೆ ಇಷ್ಟು ಅಂತ ಬರುತ್ತಲ್ಲ."

"ಒಳ್ಳೆ ಆಸೆನೇ ಕಣಮ್ಮ. ಕಾಗದ ನೋಡಿದ್ರಾ?"

ಉತ್ತರ ಕೊಟ್ಟವನು ತಮ್ಮ. "ಎಲ್ಲಾ ಸರಿಯಾಗಿದೆ ಅಂದ. ಗೊತ್ತಿರೋನೇ ಅಕ್ಕ. ಅವನ ಮನೆಯ ಬಾಗಿಲು, ಕಿಟಕಿ, ಕಪಾಟು, ಎಲ್ಲಾ ನನ್ನ ಕೈಯಲ್ಲೇ ಆಗಿದ್ದು. ಅವನ ಮನೇಲಿ ನನ್ನ ಉಳಿ ಮುಟ್ಟದಿರೋ ಮರ ಇಲ್ಲ. ಅಂಥೋನು ನನಗೆ ಮೋಸ ಮಾಡ್ತಾನಾ?"

ಅಕ್ಕ ಎದ್ದುಹೋಗಿ ಗೂಡಿನಿಂದ ಗಂಡನ ಅಳತೆ ಪುಸ್ತಕ ತಂದಳು. ಪುಟ ತಿರುವುತ್ತಾ ಒಂದು ಕಡೆ ಬೆರಳಿಟ್ಟಳು.

"ಎದೆ ನಲವತ್ತು. ಸೊಂಟ ಮೂವತ್ತಾರು. ತೋಳು ಇಪ್ಪತ್ತನಾಲ್ಕು. ಎಡ ಭುಜ ಸ್ವಲ್ಪ ಇಳಿಜಾರು. ಯಾರದು ಹೇಳು?"

ತಮ್ಮ ತಲೆ ತಗ್ಗಿಸಿದ.

"ನಿನ್ನ ಭಾವನಿಗೆ ಸೈಟು ಮಾರಿದೋನದು. ಹದಿನೆಂಟು ವರ್ಷ ಅವನಿಗೆ ಅಂಗಿ ಹೊಲಿದ್ರು. ನಾನು ಕಾಗದ ಕೇಳಿ ಅಂದಾಗ ನಕ್ಕುಬಿಟ್ರು. 'ಕತ್ತಿನಿಂದ ಕಾಲಿನವರೆಗೆ ಅವನ ಅಳತೆ ನನ್ನ ಹತ್ರ ಇದೆ ಕಣೇ, ಅಂಥೋನು ನನಗೆ ಮೋಸ ಮಾಡ್ತಾನಾ' ಅಂದ್ರು. ನೀನೀಗ ಹೇಳಿದ್ದೂ ಅದನ್ನೇ."

ಹೊರಗೆ ಯಾರದೋ ಸೈಕಲ್ಲಿನ ಗಂಟೆ ಮಂಜಿನಲ್ಲಿ ಕೇಳಿ ಮರೆಯಾಯಿತು.

ಮೊಳ ಬಟ್ಟೆಯನ್ನೂ ಎರಡು ಸಲ ಅಳೆಯದೆ ಕತ್ತರಿ ಹಾಕದ ಮನುಷ್ಯ ಆ ದರ್ಜಿ. 'ಕತ್ತರಿ ಬಿದ್ದ ಮೇಲೆ ದೇವರೂ ಕೂಡಿಸಲಾರ' ಎನ್ನುತ್ತಿದ್ದ. ಸೈಟು ಕೊಳ್ಳುವಾಗ ಮಾತ್ರ ಅಳೆದದ್ದು ಮಾರುವವನ ಮುಖವನ್ನು, ನೆಲವನ್ನಲ್ಲ. ಕೊಂಡ ಏಳನೇ ತಿಂಗಳಿಗೆ ಅಲ್ಲಿ ಬ್ಯಾಂಕಿನ ಬೋರ್ಡು ಎದ್ದಿತು. ಆ ನೆಲ ಮೊದಲೇ ಸಾಲಕ್ಕೆ ಅಡವಾಗಿತ್ತು. ಮಾರಿದವನು ಅಷ್ಟರಲ್ಲಿ ಊರು ಬಿಟ್ಟಿದ್ದ. ಬೋರ್ಡು ನೋಡಿ ಬಂದ ದಿನ ದರ್ಜಿ ಯಾರನ್ನೂ ಬೈಯಲಿಲ್ಲ. ಕೆಲಸಕ್ಕೆ ಕುಳಿತ. ಆದರೆ ಅಂದಿನಿಂದ ಗಿರಾಕಿಯ ಅಳತೆ ತೆಗೆಯುವಾಗ ಎರಡು ಸಲ ಅಳೆದದ್ದನ್ನು ನಾಲ್ಕು ಸಲ ಅಳೆಯುತ್ತಿದ್ದ. ಆಮೇಲೆ ಒಂದು ದಿನ ಯಂತ್ರದ ಮೇಲೆ ತಲೆಯಿಟ್ಟವನು ಏಳಲಿಲ್ಲ.

"ಅವರು ಹೋದ ಮೇಲೆ ನಾನು ನೋಂದಣಿ ಕಚೇರಿ ಮೆಟ್ಟಿಲು ಹತ್ತಿದೆ," ಎಂದಳು ಅಕ್ಕ. "ಅಲ್ಲಿನ ಗುಮಾಸ್ತ ಕೂರಿಸಿ ತಿಳಿಸಿ ಹೇಳ್ದ. ಋಣಭಾರ ಪತ್ರ ಅಂತ ಒಂದಿದೆ. ನೆಲ ಯಾರಿಂದ ಯಾರಿಗೆ ಹೋಯ್ತು, ಎಲ್ಲಿ ಅಡ ಬಿದ್ದಿದೆ, ನೋಂದಣಿ ಆಗಿದ್ದೆಲ್ಲ ಅದರಲ್ಲಿರುತ್ತೆ. ಒಂದು ಅರ್ಜಿ, ಒಂದಿಷ್ಟು ಶುಲ್ಕ, ಅಷ್ಟೇ. ಒಂದು ಅಂಗಿ ಹೊಲಿದ ಕೂಲಿಯಷ್ಟೂ ಇಲ್ಲ. ಅಷ್ಟಕ್ಕೆ ಅವರು ಉಳೀತಿದ್ರು."

ತಮ್ಮ ಕೇಳಿದ, "ಅಷ್ಟರಲ್ಲಿ ಸೈಟು ಕೈತಪ್ಪಿದ್ರೆ?"

"ತಪ್ಪಲಿ. ತಪ್ಪಿದ ಸೈಟಿಗೆ ಯಾರೂ ಸಾಯಲ್ಲ ಕಣೋ."

ಅವನ ಹೆಂಡತಿ ಮೊಳೆಯ ಮೇಲಿನ ಟೇಪು ನೋಡುತ್ತಿದ್ದಳು. "ಹಾಗಾದ್ರೆ ನಾವೇ ಹೋಗಿ ಅಳೆಯೋಣ್ವಾ ಅತ್ತಿಗೆ?"

"ಅದರಲ್ಲಿ ಸೊಂಟ ಅಳೀಬಹುದು ಕಣೇ, ಸೈಟಲ್ಲ. ಅದಕ್ಕೆ ಮೋಜಣಿಯವರಿದ್ದಾರೆ." ತುಸು ನಕ್ಕಳು. ಬಹಳ ದಿನದ ಮೇಲಿನ ನಗು ಅದು. "ಆದ್ರೆ ಹೋಗಿ ನೋಡ್ಬೇಕು, ಬೆಳಕಲ್ಲಿ ಒಂದು ಸಲ, ಮಳೆ ಬಂದ ಮೇಲೆ ಒಂದು ಸಲ. ನೀರು ಎಲ್ಲಿ ನಿಲ್ಲುತ್ತೆ ಅಂತ ಮಾರೋನು ಹೇಳಲ್ಲ, ಮಳೆ ಹೇಳುತ್ತೆ. ಪಕ್ಕದ ಮನೆಯವರನ್ನ ಮಾತಾಡಿಸು. ಮತ್ತೆ ಈ ಚೀಲ ಪೂರ್ತಿ ಸುರೀಬೇಡ. ಕಾಯಿಲೆ ಕಸಾಲೆಗೆ ಅಂತ ಒಂದು ಪಾಲು ಇಟ್ಟುಕೊಂಡು, ಉಳಿದಿದ್ದಕ್ಕೆ ಎಷ್ಟು ಚಿಕ್ಕದು ಬರುತ್ತೋ ಅಷ್ಟು ತಗೋ. ಕೊಡೋದೂ ಬ್ಯಾಂಕಿನ ಮೂಲಕ ಕೊಡು, ರಸೀದಿ ಇಸ್ಕೋ."

ಆ ದಿನ ಮುಂಗಡ ಹೋಗಲಿಲ್ಲ. ಅರ್ಜಿ ಹೋಯಿತು. ಐದನೇ ದಿನ ಪತ್ರ ಕೈಗೆ ಬಂತು. ಆ ಸೈಟು ನಾಲ್ಕು ತಿಂಗಳ ಹಿಂದೆಯೇ ಬೇರೊಬ್ಬರ ಹೆಸರಿಗೆ ನೋಂದಣಿಯಾಗಿತ್ತು. ತಮ್ಮ ಆ ಸಾಲನ್ನು ಬೆರಳಿಟ್ಟು ಮೂರು ಸಲ ಓದಿದ. ಅವನ ಹೆಂಡತಿ ಕಚೇರಿಯ ಮೆಟ್ಟಿಲ ಮೇಲೆಯೇ ಕುಳಿತು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಸದ್ದಿಲ್ಲದೆ ಅತ್ತಳು.

ಓದುವ ಅಕ್ಕಂದಿರೇ, ಅಣ್ಣಂದಿರೇ, ದೇವರು ನೆಲವನ್ನು ಅಳೆದು ಹಂಚಲಿಲ್ಲ. ಗೆರೆ ಎಳೆದವರು ನಾವು, ಕಾಗದ ಬರೆದವರೂ ನಾವು. ಆದ್ದರಿಂದ ಆ ಕಾಗದ ಓದುವ ಹೊಣೆಯೂ ನಮ್ಮದೇ. ನಿಮ್ಮ ದುಡಿಮೆಯಿಂದ ಮೊದಲ ತುಂಡು ನೆಲ ಕೊಳ್ಳುವಾಗ ಮಾರುವವನು ಅಣ್ಣನೇ ಆಗಿರಲಿ, ಋಣಭಾರ ಪತ್ರ ನೋಡದೆ ಮುಂಗಡ ಕೊಡಬೇಡಿ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ. ಕಾಗದ ಕೇಳಿದರೆ ಸ್ನೇಹ ಕೆಡುವುದಿಲ್ಲ. ಕೇಳದೆ ಕೆಟ್ಟ ಮನೆಯೊಂದರ ಬಾಗಿಲು ಈಗಷ್ಟೇ ನೋಡಿದಿರಿ.

ಕಥೆ ಇನ್ನೂ ಒಂದು ಗೇಣು ಉಳಿದಿದೆ.

ಮಾರನೆಯ ಸಂಜೆ ತಮ್ಮ ಒಬ್ಬನೇ ಅಂಗಡಿಗೆ ಬಂದ. ಅಕ್ಕ ಗುಂಡಿ ಹಾಕುತ್ತಿದ್ದಳು. ಅವನು ಕೂರಲಿಲ್ಲ.

"ಭಾವ ಸೈಟು ತಗೊಂಡಾಗ, ಕಾಗದ ಯಾಕೆ ಭಾವ, ನಮ್ಮೋನೇ ಅಲ್ವಾ ಅಂದವನು ನಾನು," ಎಂದ. "ಒಪ್ಪಿಸಿ ಕರ್ಕೊಂಡು ಬಾ ಅಂತ ಆ ಮಾರಿದೋನು ನನಗೊಂದು ಲಕೋಟೆ ದುಡ್ಡು ಕೊಟ್ಟಿದ್ದ. ಅಡ ಇರೋದು ದೇವರಾಣೆಗೂ ಗೊತ್ತಿರಲಿಲ್ಲ ಅಕ್ಕ. ಲಕೋಟೆ ಮಾತ್ರ ತಗೊಂಡಿದ್ದೆ."

ಸೂಜಿ ನಿಂತಿತು.

ಅವನು ಜೇಬಿನಿಂದ ಒಂದು ಲಕೋಟೆ ತೆಗೆದ. ಅಳತೆ ಪುಸ್ತಕವನ್ನು ತೆರೆದು, ಆ ಇಳಿಜಾರು ಭುಜದವನ ಪುಟದಲ್ಲಿ ಅದನ್ನಿಟ್ಟು ಮುಚ್ಚಿದ. ಎರಡೂ ಕೈಯಲ್ಲಿ ಹಿಡಿದು ಅಕ್ಕನ ಮುಂದೆ ಚಾಚಿದ.

ಅವಳು ತೆರೆದು ಎಣಿಸಲಿಲ್ಲ. ಪುಸ್ತಕವನ್ನು ತೆಗೆದುಕೊಂಡು, ತಮ್ಮನಿಗೆ ಕೂರಲು ಗಂಡನ ಸ್ಟೂಲು ಎಳೆದಿಟ್ಟಳು.