ಒಂದು ಇಟ್ಟಿಗೆ ಕೆಳಗೆ

ಉಗುರಿನ ಸಂದಿಗೆ ಹೊಕ್ಕ ಜೇಡಿಮಣ್ಣು ಸುಲಭಕ್ಕೆ ಬಿಡುವ ಜಾತಿಯದಲ್ಲ. ಅವಳು ಗಂಡನ ಒಂದೊಂದೇ ಬೆರಳು ಹಿಡಿದು ಬೆಂಕಿಕಡ್ಡಿಯ ತುದಿಯಿಂದ ಕೆರೆಯುತ್ತಿದ್ದಳು. ಹಾಲ್‌ನಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು; ಹೆಣದ ಗಾಡಿ ಹತ್ತು ಗಂಟೆಗೆ ಬರುವುದಿತ್ತು. ಬದುಕಿದ್ದಾಗ ಕೈ ಕೊಡು ಅಂದಿದ್ದರೆ ಮಹಾರಾಯ ಕೊಡುತ್ತಿದ್ದನೇ? ಊಟಕ್ಕೂ ಅದೇ ಕೆಸರುಗೈಯಲ್ಲಿ ಬಂದು ಕೂರುತ್ತಿದ್ದ.

ಪಕ್ಕದಲ್ಲಿದ್ದ ಮಗಳು ಮತ್ತೆ ಅದನ್ನೇ ಕೇಳಿದಳು. ನಿನ್ನೆಯಿಂದ ಇದು ನಾಲ್ಕನೆಯ ಸಲ.

“ಅಪ್ಪ ಒಂದ್ಸಲನೂ ಕೂಗಲಿಲ್ವೇನಮ್ಮ?”

“ಇಲ್ಲ ಕಣೆ. ಕೂಗಿದ್ರೆ ನಂಗೆ ಕೇಳಿಸ್ತಿರಲಿಲ್ವಾ?”

ಮಗಳು ತಲೆಯಾಡಿಸಿದಳು. ಹಾರ್ಟ್ ಅಟ್ಯಾಕು, ಹತ್ತು ನಿಮಿಷ ಮೊದಲು ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಹೇಳಿದಾಗಿನಿಂದ ಅವಳು ಈ ಉತ್ತರಕ್ಕೇ ಜೋತುಬಿದ್ದಿದ್ದಳು. ಅಪ್ಪ ಕೂಗಲೇ ಇಲ್ಲ, ಯಾರಿಗೂ ಗೊತ್ತಾಗುವಂತಿರಲಿಲ್ಲ, ಅಮ್ಮನ ತಪ್ಪೇನೂ ಇಲ್ಲ. ಬಂದವರಿಗೆಲ್ಲ ತಾನೇ ಮುಂದಾಗಿ ಅದನ್ನು ಹೇಳುತ್ತಿದ್ದಳು ಪಾಪ.

ಅವನು ಕೂಗಿದ್ದ. ಒಂದಲ್ಲ, ಎರಡು ಸಲ.

ಬಸ್ ಡಿಪೋದಿಂದ ಅವನ ಜೊತೆಗಾರ, ಹಳೆಯ ಡ್ರೈವರ್, ಬಂದು ಗೋಡೆಗೊರಗಿ ಕೂತಿದ್ದ. ಸತ್ತವನು ಮೂವತ್ತೆರಡು ವರ್ಷ ಟೈರ್ ಸೆಕ್ಷನ್‌ನಲ್ಲಿ ಟ್ಯೂಬುಗಳನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಎಲ್ಲಿ ಗುಳ್ಳೆ ಏಳುತ್ತದೆ ಎಂದು ನೋಡಿದವನು. ಡಿಪೋದಲ್ಲಿ ಅವನಿಗೆ ಗುಳ್ಳೆ ಎಂದೇ ಹೆಸರು.

“ರಿಟೈರಾದ ದಿನ ಏನಂದ ಗೊತ್ತಾ ಅತ್ತಿಗೆ? ಗುಳ್ಳೆ ನೋಡಿ ನೋಡಿ ಸಾಕಾಯ್ತು, ಇನ್ಮೇಲೆ ಹೂ ಬರೋ ನೀರು ನೋಡ್ತೀನಿ ಅಂದ.”

ಕೂತವರು ನಕ್ಕರು. ಡ್ರೈವರ್ ಮಾತ್ರ ನಗಲು ಹೋಗಿ ಬಿಕ್ಕಿದ. ಸದ್ದಿಲ್ಲದೆ ಹೋದನಲ್ಲ, ಪುಣ್ಯವಂತ ಎಂದು ಯಾರೋ ಸಮಾಧಾನ ಹೇಳಿದರು. ಅವಳ ಕೈಯಲ್ಲಿ ಬೆಂಕಿಕಡ್ಡಿ ಮುರಿಯಿತು.

* * *

ಜಗಳ ಶುರುವಾದದ್ದು ನರ್ಸರಿಯಲ್ಲಿ. ಹಿತ್ತಲ ಕೊಳದಲ್ಲಿ ಆಗಲೇ ಮೂರು ಬಗೆಯ ನೈದಿಲೆ ಇದ್ದವು. ಕಪ್ಪೆ ಕೂರಲೂ ಜಾಗವಿರಲಿಲ್ಲ. ಆದರೂ ಹೋದ. ಗಡ್ಡೆಗಳನ್ನು ಒಂದೊಂದಾಗಿ ಎತ್ತಿ, ಟ್ಯೂಬು ಒತ್ತಿದಂತೆ ಹೆಬ್ಬೆರಳಲ್ಲಿ ಒತ್ತಿ ನೋಡಿದ. ಮೆತ್ತಗಿದ್ದರೆ ಕೊಳೆತದ್ದು, ಗಟ್ಟಿಯಿದ್ದರೆ ಒಳ್ಳೆಯದು. ಕೊನೆಗೆ ಆರಿಸಿದ್ದು ಎಲ್ಲಕ್ಕಿಂತ ದೊಡ್ಡ ಜಾತಿಯದನ್ನು. ಅದು ಕೆರೆಗೆ ಸರಿ, ಮನೆಯ ಕೊಳಕ್ಕೆ ಸಣ್ಣ ಜಾತಿ ಒಯ್ಯಿರಿ ಎಂದು ನರ್ಸರಿಯವಳು ಬಡಕೊಂಡಳು. ಕೇಳಿದರೆ ತಾನೆ!

“ನಿಮ್ಮ ಮೊಣಕಾಲು ನೆಟ್ಟಗಿಲ್ಲ. ಇದನ್ನ ನೀರಿಗಿಳಿದು ನೋಡ್ಕೊಳ್ಳೋರು ಯಾರು?” ಎಂದಳು ಜೊತೆಗೆ ಹೋಗಿದ್ದ ಹೆಂಡತಿ.

“ನೀನಿದ್ದೀಯಲ್ಲ, ಬಿಟ್ಟಿ ಆಳು” ಎಂದ.

ಗಿರಾಕಿಗಳೆಲ್ಲ ನಕ್ಕರು. ಅವಳು ಅಲ್ಲಿಂದಲೇ ಮಾತು ಬಿಟ್ಟಳು. ಹನ್ನೆರಡು ದಿನ. ತಟ್ಟೆ ಟಣ್ಣೆಂದರೆ ಊಟ, ಲೋಟ ಟಕ್ಕೆಂದರೆ ಕಾಫಿ.

ಅವನು ಒಬ್ಬನೇ ಕುಂಡಕ್ಕೆ ಜೇಡಿಮಣ್ಣು ತುಂಬಿ, ಚಿಗುರು ಹೊರಗಿರುವಂತೆ ಗಡ್ಡೆ ನೆಟ್ಟು, ಮಣ್ಣು ತೇಲದಂತೆ ಜಲ್ಲಿ ಹರಡಿ, ನೀರೊಳಗೆ ಇಟ್ಟಿಗೆಗಳ ಮೇಲೆ ಕೂರಿಸಿದ. ಎಲೆ ನೀರಿನ ಮೇಲಕ್ಕೆ ಬಂದ ಹಾಗೆಲ್ಲ ಒಂದೊಂದೇ ಇಟ್ಟಿಗೆ ತೆಗೆದು ಕುಂಡ ಇಳಿಸಬೇಕು. ಅದು ಒಬ್ಬರ ಕೈಲಾಗುವ ಕೆಲಸವಲ್ಲ. ಒಬ್ಬರು ಕುಂಡ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಇಟ್ಟಿಗೆ ಎಳೆಯಬೇಕು.

ನಿನ್ನೆ ಬೆಳಿಗ್ಗೆ ಎಲೆ ಬಂದಿತ್ತು.

“ಏ, ಒಂಚೂರು ಬಾರೇ. ಇಟ್ಟಿಗೆ ತೆಗೀಬೇಕು” ಎಂದು ಕೊಳದಿಂದ ಕರೆದ. ಅಡುಗೆಮನೆಯಲ್ಲಿದ್ದವಳು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ, ಬರೀ “ಬಾರೇ” ಎಂದ. ದನಿ ಸಣ್ಣಗಿತ್ತು. ಅವಳಿಗೆ ಅದು ಗೋಗರೆದಂತೆ ಕೇಳಿಸಿತು. ಅಂತೂ ದಾರಿಗೆ ಬಂದ ಎಂದು ಖುಷಿಯಾಯಿತು. ಇನ್ನಷ್ಟು ಕಾಯಲಿ ಎಂದು ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಳು. ಆಮೇಲೆ ಹೋಗಿ ನೋಡಿದರೆ ಅವನು ಕೊಳದ ಅಂಚಿಗೆ ಒರಗಿ ಕುಸಿದಿದ್ದ.

* * *

ಸ್ಮಶಾನದಿಂದ ಬಂದವರು ಕಾಫಿ ಕುಡಿದು ಮಧ್ಯಾಹ್ನದ ಹೊತ್ತಿಗೆ ಹೊರಟುಹೋದರು. ಅವಳು ಲೋಟ ತೊಳೆಯುತ್ತಾ ನಿಂತಳು. ಮಗಳಿಗೆ ಹೇಳಿಬಿಡಲೇ ಎಂದು ಹತ್ತು ಸಲ ಅಂದುಕೊಂಡಳು. ಹೇಳಿದರೆ ಇವಳೂ ಕೈಬಿಟ್ಟುಹೋದಾಳು ಎಂದು ಹೆದರಿದಳು.

“ಅಮ್ಮ, ಬಾ ಇಲ್ಲಿ.”

ಅವಳು ಬಿದ್ದಂಬೀಳ ಹಿತ್ತಲಿಗೆ ಓಡಿದಳು. ಮಗಳು ಸೊಂಟದವರೆಗೆ ನೀರಿನಲ್ಲಿ ನಿಂತು ಕುಂಡ ಎತ್ತಿ ಹಿಡಿದಿದ್ದಳು. ಅಪ್ಪ ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸೋಣ ಎಂದು ಇಳಿದಿದ್ದಳಂತೆ.

“ಬಂದೆ, ಬಂದೆ. ಬಿಡಬೇಡ, ಹಾಗೇ ಹಿಡಿದಿರು” ಎನ್ನುತ್ತ ತಾಯಿ ಸೀರೆಯ ಸಮೇತ ನೀರಿಗಿಳಿದು, ಬಗ್ಗಿ, ಇಟ್ಟಿಗೆಗೆ ಕೈ ಹಾಕಿದಳು.

ಮಗಳು ಅವಳನ್ನು ನೋಡಿದಳು. ಆಮೇಲೆ ಅಡುಗೆಮನೆಯ ಕಿಟಕಿ ನೋಡಿದಳು. ಅಲ್ಲಿ ನಲ್ಲಿ ನಿಲ್ಲಿಸಿರಲಿಲ್ಲ. ಸಿಂಕಿಗೆ ನೀರು ಸುರಿಯುವ ಸದ್ದು ಇಲ್ಲಿಯವರೆಗೂ ಬರುತ್ತಿತ್ತು.

“ನಾನು ಕೂಗ್ಲಿಲ್ಲಮ್ಮ,” ಎಂದಳು ಮಗಳು. “ಮೆಲ್ಲಗೆ ಅಂದೆ ಅಷ್ಟೆ. ಒಬ್ರ ಕೈಲಾಗದ ಕೆಲ್ಸಕ್ಕೆ ಅಪ್ಪ ನಿನ್ನ ಕರೀದೇ ಇರ್ತಿದ್ನಾ?”

ತಾಯಿ ಇಟ್ಟಿಗೆ ಎಳೆದುಕೊಂಡಳು. ಕುಂಡ ಕೆಳಗಿಳಿಯಲಿಲ್ಲ. ಮಗಳು ಅದನ್ನು ಎತ್ತಿಯೇ ಹಿಡಿದಿದ್ದಳು.